ಯಾರ ತೊಗಲು, ಯಾರ ಪಾಟಿಚೀಲ

"ಜಪಾನನ್ನು ನೋಡಿ ಕಲೀರಿ" ಅಂತ ನಮಗೆ ಬುದ್ಧಿ ಹೇಳುವವರು ಈ ನಾಡಿನಲ್ಲಿ ಯಾವತ್ತೂ ಕಡಿಮೆಯಾಗಿಲ್ಲ. ಕಾಲೇಜಿನ ವೇದಿಕೆ ಹತ್ತಿದವರು, ಮೀಸಲಾತಿಯ ಮಾತು ಬಂದ ಕೂಡಲೇ ಹೊಟ್ಟೆ ಹಿಡಿದುಕೊಳ್ಳುವವರು, ತಮ್ಮ ಮಗನಿಗೆ ದುಡ್ಡು ಕೊಟ್ಟು ಸೀಟು ಕೊಂಡವರು, ಎಲ್ಲರ ಬಾಯಲ್ಲೂ ಒಂದೇ ಪಾಠ. ಅಲ್ಲಿ ಜಾತಿಯಿಲ್ಲವಂತೆ. ಮೀಸಲಾತಿಯಿಲ್ಲವಂತೆ. ಬರೀ ಪ್ರತಿಭೆಯಂತೆ, ಬರೀ ದುಡಿಮೆಯಂತೆ. ಅದಕ್ಕೇ ಅವರು ಅಷ್ಟು ಮುಂದೆ ಹೋದರಂತೆ, ನಮ್ಮಂಥವರ ದೆಸೆಯಿಂದ ಈ ದೇಶ ಹಿಂದೆ ಬಿತ್ತಂತೆ.

ಪಾಠ ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ಬೆರಗಾಗಿ ಬಂದವರು. ಮುಂದೆ ದಿವಾನರಾದಾಗ ಮೈಸೂರಿಗೆ ಆ ದೇಶವನ್ನೇ ಮಾದರಿಯೆಂದು ತೋರಿಸಿದರು. ಅದೇ ದಿವಾನರು 1918ರಲ್ಲಿ, ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ಬೇಕು ಎಂಬ ಪ್ರಶ್ನೆ ಎದ್ದು ಮಿಲ್ಲರ್ ಸಮಿತಿ ಬಂದ ಹೊತ್ತಿಗೆ, ಅದನ್ನು ಒಪ್ಪಲಾರದೆ ಕುರ್ಚಿ ಬಿಟ್ಟರು. ಪ್ರತಿಭೆ ಕೆಡುತ್ತದೆ ಎಂಬ ಚಿಂತೆ. ಇರಲಿ, ಕನ್ನಂಬಾಡಿಯ ನೀರನ್ನು ನಾವೂ ಕುಡಿದಿದ್ದೇವೆ. ಆದರೆ ಅವರು ಜಪಾನಿನಲ್ಲಿ ತಿರುಗಾಡುತ್ತಿದ್ದ ಹೊತ್ತಿಗೆ ಟೋಕಿಯೋದಲ್ಲಿ ಒಂದು ಶಾಲೆ ನಡೆಯುತ್ತಿತ್ತು. ಅದರ ಹೆಸರು ಗಕುಶೂಯಿನ್. ಇವತ್ತು ಅದು ಹೆಸರುವಾಸಿ ಖಾಸಗಿ ವಿಶ್ವವಿದ್ಯಾಲಯ. ಮೆಜಿರೊ ಎಂಬ ರೈಲು ನಿಲ್ದಾಣದಿಂದ ಇಳಿದರೆ ಪಕ್ಕದಲ್ಲೇ ಅದರ ಮರಗಿಡ ತುಂಬಿದ ಆವರಣ. ನಮ್ಮ ಉಪದೇಶಕರಿಗೆ ಉತ್ತರ ಕೊಡಲು ಆ ಒಂದು ಶಾಲೆಯ ಚರಿತ್ರೆ ಸಾಕು.

ಮೊದಲು 1847ರಲ್ಲಿ ಕ್ಯೋಟೊ ನಗರದಲ್ಲಿ, ಚಕ್ರವರ್ತಿಯ ಅರಮನೆಯ ನೆರಳಿನಲ್ಲಿ, ಆಸ್ಥಾನದ ಕುಲೀನರ ಮಕ್ಕಳಿಗಾಗಿ ಶುರುವಾದ ಪಾಠಶಾಲೆ ಅದು. 'ಕಲಿತದ್ದನ್ನು ಮತ್ತೆ ಮತ್ತೆ ಅಭ್ಯಾಸ ಮಾಡು' ಎಂಬ ಕನ್‌ಫ್ಯೂಷಿಯಸ್‌ನ ಮಾತಿನಿಂದ ಹೆಸರು ಎತ್ತಿಕೊಂಡರು. ಆ ಕುಲೀನರ ಕೈಯಲ್ಲಿ ಆಗ ದುಡ್ಡೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಎರಡೂ ಶೋಗನ್ ಎಂಬ ಸೇನಾಧಿಪತಿಯ ಹತ್ತಿರ ಇದ್ದವು. ಇವರಿಗೆ ಉಳಿದಿದ್ದು ಹುಟ್ಟು ಒಂದೇ. (ದೇವಸ್ಥಾನದ ಪಡಿಯಕ್ಕಿಯಲ್ಲಿ ಬದುಕುತ್ತಾ, ನಮ್ಮ ನೆರಳು ಸೋಕಿದರೆ ಸ್ನಾನ ಮಾಡುತ್ತಿದ್ದ ಬಡ ಜನ ನಮ್ಮೂರ ಕಡೆಯೂ ಇದ್ದರು ಅಂತ ನಮ್ಮಜ್ಜಿ ಹೇಳುತ್ತಿದ್ದಳು.)

1868ರಲ್ಲಿ ರಾಜ್ಯ ತಿರುಗಿತು. ಶೋಗನ್ ಹೋದ, ಚಕ್ರವರ್ತಿ ಮುಂದೆ ಬಂದ. ಮೇಜಿ ಕಾಲ ಅಂತ ಅದನ್ನು ಹಾಡಿ ಹೊಗಳುತ್ತಾರೆ. ಹೊಸ ಸರ್ಕಾರ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಕೇಳಿ. 1869ರಲ್ಲಿ ಆಸ್ಥಾನದ ಕುಲೀನರನ್ನೂ ಪಾಳೆಯಗಾರ ದೊರೆಗಳನ್ನೂ ಕೂಡಿಸಿ 'ಕಜೋಕು' ಎಂಬ ಹೊಸ ಶ್ರೀಮಂತವರ್ಗ ಕಟ್ಟಿತು. ಮೊದಲಿಗೆ 427 ಮನೆಗಳು. ಇಡೀ ದೇಶಕ್ಕೆ ಐನೂರೂ ಇಲ್ಲದ ಮನೆಗಳು! 1877ರಲ್ಲಿ ಈ ಮನೆಗಳಿಗಾಗಿ ಎರಡು ಸಂಸ್ಥೆಗಳು ಎದ್ದವು. ಒಂದು ಬ್ಯಾಂಕು, ಒಂದು ಶಾಲೆ. ಪಾಳೆಯಪಟ್ಟು ಬಿಟ್ಟುಕೊಟ್ಟಿದ್ದಕ್ಕೆ ಸರ್ಕಾರ ಕೊಟ್ಟ ಸಾಲಪತ್ರಗಳನ್ನು ಒಟ್ಟು ಹಾಕಿ ಹದಿನೈದನೇ ರಾಷ್ಟ್ರೀಯ ಬ್ಯಾಂಕು ತೆರೆದರು. ಜನ ಅದನ್ನು ಕಜೋಕು ಬ್ಯಾಂಕು ಅಂತಲೇ ಕರೆದರು. ಮಕ್ಕಳನ್ನು ಒಟ್ಟು ಹಾಕಿ ಟೋಕಿಯೋದಲ್ಲಿ ಗಕುಶೂಯಿನ್ ತೆರೆದರು. ದುಡ್ಡು ಒಂದು ಕಡೆ ಭದ್ರ, ಕುಲ ಒಂದು ಕಡೆ ಭದ್ರ. 1884ರಲ್ಲಿ ಯುರೋಪನ್ನು ನೋಡಿಕೊಂಡು ಐದು ಮೆಟ್ಟಿಲಿನ ಬಿರುದುಗಳು ಬಂದವು. ಅದೇ ವರ್ಷ ಶಾಲೆ ಚಕ್ರವರ್ತಿಯ ಮನೆವಾರ್ತೆ ನೋಡುವ ಇಲಾಖೆಯ ಕೈಗೆ ಹೋಯಿತು. ಹೆಣ್ಣುಮಕ್ಕಳಿಗೆ 1885ರಲ್ಲಿ ಬೇರೆ ಶಾಲೆ.

ಇನ್ನು ಪ್ರತಿಭೆಯ ವಿಷಯಕ್ಕೆ ಬರೋಣ, ಸ್ವಾಮಿ. ಕಜೋಕು ಮನೆಯ ಹುಡುಗ ಈ ಶಾಲೆಗೆ ಪರೀಕ್ಷೆ ಬರೆಯದೆ ಸೇರಬಹುದಿತ್ತು. ಅವನಿಗೆ ಫೀಜೂ ಇಲ್ಲ. ಫೀಜು ಕೊಡುವವರು ಯಾರು? ಹೊರಗಿನಿಂದ ಬಂದು ಸೇರಿದ ಸಾಮಾನ್ಯರ ಮಕ್ಕಳು. ಹಾಗೆ ಸೇರಿದವರೂ ಇದ್ದರು, ಅನುಕೂಲಸ್ಥರ ಮನೆಯವರು. ಒಮ್ಮೆ ಒಳಗೆ ಹೋದ ದೊರೆಮಗ ಮೇಲಿನ ತರಗತಿಯವರೆಗೂ ತಳ್ಳಿಕೊಂಡು ಹೋಗುತ್ತಿದ್ದ. ಅಲ್ಲಿ ಮುಗಿಸಿದ ಮೇಲೆ, ಟೋಕಿಯೋ ಮತ್ತು ಕ್ಯೋಟೊದಂಥ ಸಾಮ್ರಾಟ್ ವಿಶ್ವವಿದ್ಯಾಲಯಗಳಲ್ಲಿ ಸೀಟು ಖಾಲಿ ಉಳಿದಿದ್ದರೆ ಪರೀಕ್ಷೆಯಿಲ್ಲದೆ ಒಳಗೆ. 1922ರವರೆಗೆ ಈ ಬಾಗಿಲು ತೆರೆದಿತ್ತು. ಓದು ಮುಗಿಯಿತು, ಮುಂದೇನು? ಮೇಲ್ಮನೆ. 1890ರಿಂದ 1947ರವರೆಗೆ ಜಪಾನಿನ ಶಾಸನಸಭೆಯ ಮೇಲ್ಮನೆಯ ಹೆಸರೇ ಶ್ರೀಮಂತರ ಸಭೆ. ದೊಡ್ಡ ಬಿರುದಿನವರು ವಯಸ್ಸು ತುಂಬಿದರೆ ಸಾಕು, ಆಜೀವ ಸದಸ್ಯರು. ಸಣ್ಣ ಬಿರುದಿನವರು ತಮ್ಮ ತಮ್ಮಲ್ಲೇ ಚುನಾವಣೆ ಮಾಡಿಕೊಂಡು ಬರುತ್ತಿದ್ದರು.

ಇದಕ್ಕೆ ಏನು ಹೆಸರು? ಹುಟ್ಟಿನ ಮೇಲೆ ಶಾಲೆ, ಹುಟ್ಟಿನ ಮೇಲೆ ಫೀಜು ಮಾಫಿ, ಹುಟ್ಟಿನ ಮೇಲೆ ವಿಶ್ವವಿದ್ಯಾಲಯ, ಹುಟ್ಟಿನ ಮೇಲೆ ಶಾಸನಸಭೆ. ಎಪ್ಪತ್ತು ವರ್ಷ! ಇದನ್ನು ಮೀಸಲಾತಿ ಅನ್ನಲಿಲ್ಲ. ಇದರಿಂದ ಜಪಾನಿನ ರೈಲು ಹಳಿ ತಪ್ಪುತ್ತದೆ ಅಂತ ಅಲ್ಲಿಗೆ ಹೋಗಿ ಬಂದ ನಮ್ಮ ದೊಡ್ಡವರು ಚಿಂತೆ ಮಾಡಿದ್ದೂ ಕೇಳಿಲ್ಲ.

ಅದೇ ಸರ್ಕಾರ ಕೆಳಗಿನವರಿಗೆ ಏನು ಮಾಡಿತು ನೋಡಿ. ಜಪಾನಿನಲ್ಲಿ ಸತ್ತ ದನ ಎಳೆಯುವವರು, ತೊಗಲು ಹದ ಮಾಡುವವರು, ಗಲ್ಲಿಗೇರಿಸುವ ಕೆಲಸಕ್ಕೆ ದೂಡಲ್ಪಟ್ಟವರು ಇದ್ದರು. ಊರ ಹೊರಗೆ, ಹೊಳೆಯ ದಡದಲ್ಲಿ, ನೆರೆ ಬಂದರೆ ಮೊದಲು ಮುಳುಗುವ ಜಾಗದಲ್ಲಿ ಅವರ ಮನೆಗಳು. ಅವರನ್ನು 'ಏತಾ' ಅನ್ನುತ್ತಿದ್ದರು. ಬರೆಯುವ ಅಕ್ಷರದ ಅರ್ಥ 'ತುಂಬ ಕೊಳಕು'. ಇನ್ನೊಂದು ಗುಂಪನ್ನು 'ಹಿನಿನ್' ಅನ್ನುತ್ತಿದ್ದರು. ಅರ್ಥ 'ಮನುಷ್ಯನಲ್ಲದವ'. ಇವತ್ತಿಗೂ ಇವು ಬೈಗುಳ. ಈಗ ಅವರ ಕೇರಿಯ ಹೆಸರು ಹಿಡಿದು ಬುರಾಕು ಜನ ಅನ್ನುತ್ತಾರೆ. 1871ರಲ್ಲಿ ಸರ್ಕಾರ ಒಂದು ಆಜ್ಞೆ ಹೊರಡಿಸಿ ಆ ಎರಡು ಹೆಸರುಗಳನ್ನು ರದ್ದು ಮಾಡಿತು. ಎಲ್ಲರೂ ಸಾಮಾನ್ಯರೇ ಎಂದಿತು. ಒಳ್ಳೆಯದೇ. ಆದರೆ ದೊರೆಗಳಿಗೆ ಹೊಸ ಹೆಸರಿನ ಜೊತೆ ಸಾಲಪತ್ರ ಸಿಕ್ಕಿತು, ಶಾಲೆ ಸಿಕ್ಕಿತು. ಇವರಿಗೆ ಒಂದು ಕಾಸೂ ಸಿಗಲಿಲ್ಲ. ಸತ್ತ ದನದ ತೊಗಲಿನ ಮೇಲೆ ತಲೆತಲಾಂತರದಿಂದ ಇದ್ದ ಹಕ್ಕೂ ಹೋಯಿತು. ಕಂದಾಯದ ವಿನಾಯಿತಿಯೂ ಹೋಯಿತು. 1872ರ ಜನಗಣತಿ ಪುಸ್ತಕದಲ್ಲಿ ಎಷ್ಟೋ ಕಡೆ ಇವರ ಹೆಸರಿನ ಮುಂದೆ 'ಹೊಸ ಸಾಮಾನ್ಯ' ಅಂತ ಗುರುತು ಹಾಕಿದರು. ಹೊಸ ಸಾಮಾನ್ಯ ಅಂದರೆ ಯಾರು ಅಂತ ಊರಿಗೆಲ್ಲ ಗೊತ್ತು. ಆ ಪುಸ್ತಕವನ್ನು ಬೇರೆಯವರು ತೆಗೆದು ನೋಡದ ಹಾಗೆ ಬೀಗ ಹಾಕಿದ್ದು 1968ರಲ್ಲಿ. ಅಲ್ಲಿಯವರೆಗೂ ಮದುವೆಗೆ ಮುಂಚೆ ಜಾತಕ ನೋಡುವ ಹಾಗೆ ಅದನ್ನು ತಿರುವಿ ಹಾಕಿದರು.

1872ರಲ್ಲೇ ಹೊಸ ಶಿಕ್ಷಣ ಆಜ್ಞೆ ಬಂತು. ಓದದ ಮನೆ ಊರಲ್ಲಿ ಇರಬಾರದು ಎಂಬ ಆಸೆಯ ಆಜ್ಞೆ ಅದು. ಬುರಾಕು ಮಕ್ಕಳು ಶಾಲೆಗೆ ಹೋದರೆ ಉಳಿದವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡರು. ಎಷ್ಟೋ ಕಡೆ ಇವರಿಗೆ ಬೇರೆ ಶಾಲೆ, ಇಲ್ಲವೇ ಅದೇ ಶಾಲೆಯಲ್ಲಿ ಬೇರೆ ಸಾಲು. ಆ ಶತಮಾನ ಮುಗಿದ ಹೊತ್ತಿಗೆ ಇತ್ತ ಸತಾರಾದಲ್ಲಿ ಭೀಮರಾವ್ ಎಂಬ ಹುಡುಗ ಕೂರಲು ಗೋಣಿತಾಟು ಹೊತ್ತುಕೊಂಡು ಶಾಲೆಗೆ ಹೋಗುತ್ತಿದ್ದ. ಮೂಲೆಯ ಸಾಲು ಯಾವ ದೇಶದ್ದಾದರೂ ಒಂದೇ ಥರ ಇರುತ್ತದೆ.

ಬುರಾಕು ಬೇರೆ, ನಮ್ಮ ಹಟ್ಟಿ ಬೇರೆ. ಅಷ್ಟು ನನಗೂ ಗೊತ್ತು. ಅಲ್ಲಿ ಮನುಸ್ಮೃತಿಯಿಲ್ಲ, ಸಾವಿರಾರು ಜಾತಿಗಳ ಏಣಿಯಿಲ್ಲ. ಅಲ್ಲಿ ಮುಖದಿಂದ, ಮಾತಿನಿಂದ, ಊಟದಿಂದ ಗುರುತು ಸಿಗುವುದಿಲ್ಲ. ವಿಳಾಸದಿಂದ ಸಿಗುತ್ತದೆ. ಅದಕ್ಕೇ ವಿಳಾಸಗಳನ್ನು ಮಾರುವವರು ಹುಟ್ಟಿಕೊಂಡರು. ಯಾವ್ಯಾವ ಊರು ಬುರಾಕು ಎಂದು ಪಟ್ಟಿ ಮಾಡಿದ ಪುಸ್ತಕವನ್ನು ದೊಡ್ಡ ದೊಡ್ಡ ಕಂಪನಿಗಳು ಗುಟ್ಟಾಗಿ ಕೊಂಡು, ಕೆಲಸ ಕೇಳಿ ಬಂದ ಹುಡುಗರ ವಿಳಾಸ ತಾಳೆ ನೋಡುತ್ತಿದ್ದವು ಎಂಬುದು 1975ರಲ್ಲಿ ಬಯಲಾಯಿತು. ಕೊಂಡ ಕಂಪನಿಗಳು ಇನ್ನೂರಕ್ಕೂ ಹೆಚ್ಚು. ಪ್ರತಿಭೆ ಅಳೆಯುವ ಜಪಾನಿ ವಿಧಾನ ಇದೂ ಒಂದು.

ಈಗ ಪಾಟಿಚೀಲದ ಕಥೆ. ಜಪಾನಿನ ಎಳೆಯ ಮಕ್ಕಳ ಬೆನ್ನ ಮೇಲೆ ಪೆಟ್ಟಿಗೆಯಂಥ ಗಟ್ಟಿ ಚೀಲ ನೋಡಿರುತ್ತೀರಿ, ಸಿನಿಮಾದಲ್ಲೋ ಚಿತ್ರದಲ್ಲೋ. ಅದಕ್ಕೆ ರಾಂದೊಸೆರು ಅನ್ನುತ್ತಾರೆ. ಡಚ್ಚರ ಸಿಪಾಯಿಗಳ ಚೀಲದಿಂದ ಬಂದ ಹೆಸರು. ಅದನ್ನು ಶಾಲೆಯ ಚೀಲ ಮಾಡಿದ್ದು ಗಕುಶೂಯಿನ್. ಅಲ್ಲಿನ ದೊರೆಮಕ್ಕಳು ಕುದುರೆಗಾಡಿಯಲ್ಲಿ, ಜಟಕಾದಲ್ಲಿ ಬರುತ್ತಿದ್ದರು. ಪುಸ್ತಕ ಹೊರಲು ಹಿಂದೆ ಆಳು. 1885ರಲ್ಲಿ ಶಾಲೆ ಇದನ್ನೆಲ್ಲ ನಿಲ್ಲಿಸಿತು. ಶಾಲೆಯೊಳಗೆ ಎಲ್ಲರೂ ಸಮಾನರು, ಅವರವರ ಹೊರೆ ಅವರವರೇ ಹೊರಬೇಕು ಎಂದಿತು. 1887ರಲ್ಲಿ ಯುವರಾಜ ಯೊಶಿಹಿತೊ ಶಾಲೆ ಸೇರಿದಾಗ ಪ್ರಧಾನಿ ಇತೋ ಹಿರೊಬುಮಿ ಅವನಿಗೆ ಪೆಟ್ಟಿಗೆ ಆಕಾರದ ಚೀಲ ಉಡುಗೊರೆ ಕೊಟ್ಟರು. 1890ರಿಂದ ಅದು ಕರಿ ಚರ್ಮದ್ದೇ ಆಗಬೇಕೆಂದು ನಿಯಮವಾಯಿತು. ಮುಂದೆ ಇಡೀ ದೇಶದ ಮಕ್ಕಳ ಬೆನ್ನಿಗೆ ಅದೇ ಚೀಲ.

ಸಮಾನತೆ! ಕೇಳಲು ಚೆಂದ. ಡ್ಯೂಕನ ಮಗನೂ ಬ್ಯಾರನ್ನನ ಮಗನೂ ಸಮಾನ. ಐನೂರು ಮನೆಗಳ ಒಳಗಿನ ಸಮಾನತೆ. ಅಗ್ರಹಾರದ ಪಂಕ್ತಿಯಲ್ಲೂ ಎಲ್ಲರಿಗೂ ಒಂದೇ ಎಲೆ, ಒಂದೇ ಪಾಯಸ.

ನನ್ನ ಕಣ್ಣು ಹೋಗುವುದು ಆ ಕರಿ ಚರ್ಮದ ಕಡೆ. ನನ್ನಜ್ಜ ತೊಗಲು ಹದ ಮಾಡಿದವನು. ಸುಣ್ಣದ ತೊಟ್ಟಿಯಲ್ಲಿ ನೆನೆಹಾಕಿ, ಕೂದಲು ಹೆರೆದು, ತಂಗಡಿ ಚಕ್ಕೆಯ ನೀರಿನಲ್ಲಿ ದಿನಗಟ್ಟಲೆ ತುಳಿದವನು. ಅವನ ಉಗುರುಗಳು ಸಾಯುವ ತನಕ ಕೆಂಪಗೇ ಇದ್ದವು. ಅವನು ಹೊಲಿದ ಮೆಟ್ಟು, ಬಾರು, ಮಿಣಿ ಊರಿಗೆಲ್ಲ ಬೇಕು, ಅವನು ಮಾತ್ರ ಹೊಸ್ತಿಲಾಚೆ. ಆದ್ದರಿಂದ ನನಗೆ ಗೊತ್ತು, ಚರ್ಮ ಮರದಲ್ಲಿ ಬಿಡುವುದಿಲ್ಲ. ಯಾರೋ ದನ ಎಳೆದಿರಬೇಕು, ಯಾರೋ ಸುಲಿದಿರಬೇಕು, ಯಾರದೋ ಕೈ ಸುಣ್ಣಕ್ಕೆ ಬೆಂದಿರಬೇಕು. ಜಪಾನಿನಲ್ಲಿ ಆ ಕೆಲಸ ತಲೆತಲಾಂತರದಿಂದ ಯಾರದು ಅಂತ ಮೇಲೆ ಹೇಳಿದ್ದೇನೆ. ತೊಗಲು ಮುಟ್ಟಿದವನು ಕೊಳಕು. ಅದೇ ತೊಗಲು ರಾಜಕುಮಾರನ ಬೆನ್ನಿಗೆ ಬಂದಾಗ ಶಿಸ್ತು, ಸ್ವಾವಲಂಬನೆ, ಆಧುನಿಕತೆ.

1907ರಲ್ಲಿ ಆ ಶಾಲೆಗೆ ಮುಖ್ಯಸ್ಥನಾಗಿ ಬಂದವನು ಜನರಲ್ ನೊಗಿ ಮಾರೆಸುಕೆ. ರಷ್ಯಾ ಯುದ್ಧದಲ್ಲಿ ಪೋರ್ಟ್ ಆರ್ಥರ್ ಕೋಟೆಯ ಮುಂದೆ ಸಾವಿರ ಸಾವಿರ ರೈತಮಕ್ಕಳನ್ನು ಸಾವಿಗೆ ಅಟ್ಟಿದವನು. ತನ್ನ ಇಬ್ಬರು ಗಂಡುಮಕ್ಕಳನ್ನೂ ಅದೇ ಯುದ್ಧದಲ್ಲಿ ಕಳೆದುಕೊಂಡವನು. ಮುಂದೆ ಚಕ್ರವರ್ತಿಯಾದ ಹಿರೊಹಿತೊ ಅವನ ಕೈಕೆಳಗೆ ಪಳಗಿದ ಹುಡುಗ. 1912ರ ಸೆಪ್ಟೆಂಬರ್ 13ರಂದು, ಮೇಜಿ ಚಕ್ರವರ್ತಿಯ ಶವಯಾತ್ರೆಯ ದಿನ, ನೊಗಿ ತನ್ನ ಹೊಟ್ಟೆ ಬಗೆದುಕೊಂಡು ಸತ್ತ. ಹೆಂಡತಿಯೂ ಜೊತೆಗೆ ಸತ್ತಳು. ಒಡೆಯನ ಹಿಂದೆ ಸಾಯುವುದು ದೊಡ್ಡ ಗುಣ ಅಂತ ಹಾಡಿದರು. ನಮ್ಮ ಮಾಸ್ತಿಕಲ್ಲುಗಳನ್ನು ನೋಡಿದವರಿಗೆ ಈ ಹಾಡು ಹೊಸದಲ್ಲ.

ಆ ಶಾಲೆಯಿಂದ ಬರೀ ಕೆಟ್ಟವರು ಬಂದರು ಅಂತ ನಾನು ಹೇಳಿದರೆ ಅದು ಸುಳ್ಳು. 1910ರಲ್ಲಿ ಅಲ್ಲಿ ಓದಿದ ಹುಡುಗರು ಸೇರಿ 'ಶಿರಕಾಬಾ' ಎಂಬ ಪತ್ರಿಕೆ ತಂದರು. ನಮ್ಮದೇ ಥರದ ಸಣ್ಣ ಪತ್ರಿಕೆ, ದುಡ್ಡು ಮಾತ್ರ ಅಪ್ಪಂದಿರದು. ಟಾಲ್‌ಸ್ಟಾಯ್ ಓದಿ ಕಣ್ಣೀರಿಟ್ಟ ಹುಡುಗರು. ಅವರಲ್ಲಿ ಮುಶಾನೊಕೋಜಿ ಸನೆಯಾತ್ಸು 1918ರಲ್ಲಿ ದೂರದ ಕ್ಯೂಶೂ ದ್ವೀಪದಲ್ಲಿ 'ಹೊಸ ಹಳ್ಳಿ' ಕಟ್ಟಿದ. ಎಲ್ಲರೂ ದುಡಿಯುವ, ಎಲ್ಲರೂ ಓದುವ ಹಳ್ಳಿ. ಅದರ ಬಗ್ಗೆ ಗೇಲಿ ಮಾಡುವುದು ಸುಲಭ, ನಾನು ಮಾಡುವುದಿಲ್ಲ.

ನಾನು ನಿಂತು ನೋಡುವುದು ಅವರಲ್ಲಿ ಒಬ್ಬನನ್ನು. ಅರಿಶಿಮಾ ತಕೆಯೊ. ಬಾಲಕನಾಗಿದ್ದಾಗ ಯುವರಾಜನ ಜೊತೆ ಆಡಲು ಆರಿಸಿದ ಹುಡುಗರಲ್ಲಿ ಇವನೂ ಒಬ್ಬ. ದೊಡ್ಡವನಾಗಿ ಕಾದಂಬರಿಕಾರನಾದ. 1922ರ ಜನವರಿಯಲ್ಲಿ ಅವನು ಒಂದು ಪ್ರಕಟಣೆ ಬರೆದ. ದುಡಿಯುವ ಜನರ ಬಿಡುಗಡೆ ಅವರ ಕೈಯಿಂದಲೇ ಆಗಬೇಕು, ನಾನು ಮೇಲಿನ ವರ್ಗದಲ್ಲಿ ಹುಟ್ಟಿ ಬೆಳೆದವನು, ಅವರ ಪರವಾಗಿ ಬಾಯಿ ಹಾಕುವ ಯೋಗ್ಯತೆ ನನಗಿಲ್ಲ, ಹಾಗೆ ಹಾಕಿದರೆ ಅದು ಸೋಗು, ಎಂಬ ಅರ್ಥದ ಬರಹ. ಆಗಿನ ಎಡಪಂಥೀಯರು ಸಿಟ್ಟಾದರು. ಅವನು ಆ ವರ್ಷವೇ ಹೊಕ್ಕೈಡೊದಲ್ಲಿ ಅಪ್ಪನಿಂದ ಬಂದ ದೊಡ್ಡ ಜಮೀನನ್ನು ಗೇಣಿದಾರರಿಗೆ ಬಿಟ್ಟುಕೊಟ್ಟ. ಒಬ್ಬೊಬ್ಬರಿಗೆ ತುಂಡು ಮಾಡಿ ಅಲ್ಲ, ಎಲ್ಲರಿಗೂ ಒಟ್ಟಾಗಿ. ಮರುವರ್ಷ ಸತ್ತ, ಬೇರೆ ದುಃಖಕ್ಕೆ, ತನ್ನ ಕೈಯಾರೆ. ನಮ್ಮ ಪರವಾಗಿ ನಮಗಿಂತ ಜೋರಾಗಿ ಅಳುವ, ಅತ್ತ ಮೇಲೆ ಜಮೀನನ್ನು ಹೆಂಡತಿಯ ಹೆಸರಿಗೆ ಮಾಡುವ ಲೇಖಕರನ್ನು ಕಂಡಿರುವ ನನಗೆ, ಈ ಮನುಷ್ಯನ ಮೇಲೆ ಗೌರವವಿದೆ.

ಅವನ ಪ್ರಕಟಣೆಗೆ ಯಾರೂ ಕಾಯುತ್ತಾ ಕೂತಿರಲಿಲ್ಲ. ಅದೇ 1922ರ ಮಾರ್ಚ್ 3ರಂದು, ಗಕುಶೂಯಿನ್ ಹುಟ್ಟಿದ ಅದೇ ಕ್ಯೋಟೊ ನಗರದಲ್ಲಿ, ದೇಶದ ಮೂಲೆಮೂಲೆಯ ಬುರಾಕು ಜನ ಸೇರಿದರು. ಸುಯ್‌ಹೇಶಾ ಎಂಬ ಸಂಘ ಕಟ್ಟಿದರು. ಸುಯ್‌ಹೇ ಅಂದರೆ ನೀರಿನ ಮಟ್ಟ. ಗಾರೆಯವರು ಗೋಡೆಯ ಮೇಲೆ ರಸಮಟ್ಟ ಇಟ್ಟು ನೋಡುತ್ತಾರಲ್ಲ, ಆ ಮಟ್ಟ. ಕಪ್ಪು ಬಾವುಟದ ಮೇಲೆ ಮುಳ್ಳಿನ ಕಿರೀಟ. ಅವರು ಕರುಣೆ ಕೇಳಲಿಲ್ಲ. ನಮ್ಮನ್ನು ಮೇಲೆತ್ತುತ್ತೇವೆ ಎಂದು ಬಂದವರ ದಯೆಯೇ ನಮ್ಮನ್ನು ಹಾಳು ಮಾಡಿತು, ನಮ್ಮ ಬಿಡುಗಡೆ ನಾವೇ ಮಾಡಿಕೊಳ್ಳುತ್ತೇವೆ ಎಂದು ಸಾರಿದರು. ಸಾರುವ ಆ ಮಾತು ಬರೆದವನು ಸೈಕೊ ಮಂಕಿಚಿ, ಬುರಾಕು ಕೇರಿಯ ಗುಡಿಯ ಮನೆಯಲ್ಲಿ ಹುಟ್ಟಿದ ಯುವಕ.

ಆ ಸಂಘ ನೇರವಾಗಿ ಮೇಲಿನ ತುದಿಗೇ ಕೈ ಹಾಕಿತು. 1924ರಲ್ಲಿ ತೊಕುಗಾವಾ ಮನೆತನದವರು ತಮ್ಮ ಬಿರುದನ್ನು ಬಿಟ್ಟುಕೊಡಬೇಕು ಎಂದು ನಿರ್ಣಯ ಮಾಡಿತು. ತೊಕುಗಾವಾ ಅಂದರೆ ಹಳೆಯ ಶೋಗನ್ ವಂಶ. ಇನ್ನೂರ ಅರವತ್ತು ವರ್ಷ ಆಳಿ ಬುರಾಕು ಜನರನ್ನು ಕಟ್ಟುಕಟ್ಟಳೆಯಲ್ಲಿ ಅದುಮಿ ಇಟ್ಟವರು. ಆ ಮನೆಯ ಯಜಮಾನ ತೊಕುಗಾವಾ ಇಯೆಸಾತೊ ಆಗ ಡ್ಯೂಕನಿಗೆ ಸಮನಾದ ಬಿರುದು ಹೊತ್ತು ಶ್ರೀಮಂತರ ಸಭೆಯ ಅಧ್ಯಕ್ಷನಾಗಿ ಕೂತಿದ್ದ. ನಮ್ಮನ್ನು ಕೊಳಕು ಮಾಡಿದ್ದಕ್ಕೆ ನಿಮಗೆ ಈ ಬಿರುದೇ, ಅಂತ ಕೇಳಿದರು. ಸರ್ಕಾರದ ಉತ್ತರ ಏನು? ಅವನನ್ನು ಕೊಲ್ಲಲು ಸಂಚು ಮಾಡಿದರು ಎಂಬ ಆರೋಪ ಹೊರಿಸಿ ಮಾತ್ಸುಮೊಟೊ ಜಿಯಿಚಿರೊ ಎಂಬ ಬುರಾಕು ಮುಖಂಡನನ್ನು ಜೈಲಿಗೆ ಹಾಕಿತು. ಕುಲೀನರು ಇರುವ ತನಕ ಕೀಳು ಕುಲದವರೂ ಇರುತ್ತಾರೆ ಎಂಬುದು ಮಾತ್ಸುಮೊಟೊ ಬದುಕಿಡೀ ಹೇಳಿದ ಮಾತು. ನನಗೆ ಗಕುಶೂಯಿನ್ನಿನ ಚರಿತ್ರೆ ಅರ್ಥವಾಗಿದ್ದು ಈ ಮಾತು ಓದಿದ ಮೇಲೆ.

1945ರಲ್ಲಿ ಜಪಾನ್ ಸೋತಿತು. 1947ರ ಮೇ 3ರಂದು ಹೊಸ ಸಂವಿಧಾನ ಬಂತು, ಕಜೋಕು ಬಿರುದುಗಳು ಒಂದೇ ಏಟಿಗೆ ರದ್ದಾದವು. ಶ್ರೀಮಂತರ ಸಭೆ ಹೋಯಿತು. ಗಕುಶೂಯಿನ್ ಅದೇ ವರ್ಷ ಖಾಸಗಿ ಸಂಸ್ಥೆಯಾಯಿತು, 1949ರಲ್ಲಿ ವಿಶ್ವವಿದ್ಯಾಲಯ ತೆರೆಯಿತು. ಕಾನೂನಿನಲ್ಲಿ ಈಗ ಯಾರು ಬೇಕಾದರೂ ಪರೀಕ್ಷೆ ಬರೆದು ಸೇರಬಹುದು, ಸೇರುತ್ತಲೂ ಇದ್ದಾರೆ. ಇವತ್ತು ಅಲ್ಲಿ ಓದುವ ಸಾಮಾನ್ಯರ ಮಕ್ಕಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಮಾತ್ಸುಮೊಟೊ 1947ರಲ್ಲಿ ಹೊಸ ಮೇಲ್ಮನೆಯ ಉಪಾಧ್ಯಕ್ಷರಾದರು. ಶ್ರೀಮಂತರ ಸಭೆ ಇದ್ದ ಜಾಗದಲ್ಲಿ ಈಗ ಬುರಾಕು ಮುಖಂಡ! 1948ರ ಜನವರಿಯಲ್ಲಿ ಚಕ್ರವರ್ತಿ ಶಾಸನಸಭೆಗೆ ಬಂದಾಗ ಹಳೆಯ ಪದ್ಧತಿಯಂತೆ ಅವರಿಗೆ ಬೆನ್ನು ತೋರಿಸದೆ ಏಡಿಯ ಹಾಗೆ ಅಡ್ಡಡ್ಡ ನಡೆದು ನಮಸ್ಕಾರ ಮಾಡಬೇಕಿತ್ತು. ಮಾತ್ಸುಮೊಟೊ ಆಗುವುದಿಲ್ಲ ಅಂದರು. ಮನುಷ್ಯ ಮನುಷ್ಯನ ಹತ್ತಿರ ಹೋಗುವ ಹಾಗೆ ನೆಟ್ಟಗೆ ಹೋದರು. ಊರ ಗೌಡರ ಮುಂದೆ ಟವೆಲು ಕಂಕುಳಿಗೆ ಇಟ್ಟುಕೊಂಡು ನಿಂತವರ ಮಕ್ಕಳಿಗೆ ಈ ನಾಲ್ಕು ಹೆಜ್ಜೆಯ ತೂಕ ಗೊತ್ತಾಗುತ್ತದೆ. ಮರುವರ್ಷ, ಯೊಶಿದಾ ಶಿಗೆರು ಪ್ರಧಾನಿಯಾಗಿದ್ದಾಗ, ಅವರನ್ನು ಸಾರ್ವಜನಿಕ ಹುದ್ದೆಯಿಂದ ಉಚ್ಚಾಟಿಸಿದರು. 1951ರವರೆಗೆ ಅವರು ಹೊರಗೆ. ಯೊಶಿದಾ ಗಕುಶೂಯಿನ್ನಿನಲ್ಲಿ ಓದಿದವರು. ಅವರ ಮೊಮ್ಮಗನ ಕಥೆ ಮುಂದೆ ಬರುತ್ತದೆ.

ಬಿರುದು ಹೋದ ಮೇಲೆ ಬುದ್ಧಿ ಹೋಯಿತೇ? 1958ರಲ್ಲಿ ಯುವರಾಜ ಅಕಿಹಿತೊ ಬಿರುದಿಲ್ಲದ ಮನೆಯ ಶೋದಾ ಮಿಚಿಕೊ ಎಂಬ ಹುಡುಗಿಯನ್ನು ಮದುವೆಯಾಗುತ್ತೇನೆ ಅಂದ. ಹುಡುಗಿ ಬಡವರ ಮನೆಯವಳೇನಲ್ಲ, ದೊಡ್ಡ ಹಿಟ್ಟಿನ ಗಿರಣಿಯ ಒಡೆಯರ ಮಗಳು. ಆದರೂ ಗಕುಶೂಯಿನ್ ಹೆಣ್ಣುಮಕ್ಕಳ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಸಂಘದಲ್ಲಿ ದೊಡ್ಡ ಮನೆತನದ ಹೆಂಗಸರು ಸಿಡಿದೆದ್ದರು. ಚಕ್ರವರ್ತಿಯ ಮನೆಯ ಸೊಸೆ ತಮ್ಮೊಳಗಿನಿಂದಲೇ ಬರಬೇಕು ಎಂದು. ಕಾಗದದ ಮೇಲೆ ಬಿರುದು ಸತ್ತು ಹನ್ನೊಂದು ವರ್ಷವಾಗಿತ್ತು.

ಈಗ 1963ಕ್ಕೆ ಬನ್ನಿ. ಆ ವರ್ಷ ಇಬ್ಬರು ಯುವಕರ ಬದುಕು ತಿರುಗಿತು. ಒಬ್ಬ 1940ರಲ್ಲಿ ಹುಟ್ಟಿದ ಅಸೋ ತಾರೊ. ಯೊಶಿದಾ ಅವರ ಮೊಮ್ಮಗ. ಅಪ್ಪನ ಕಡೆ ಕ್ಯೂಶೂವಿನ ಕಲ್ಲಿದ್ದಲು ಗಣಿಗಳ ಒಡೆತನ. ಯುದ್ಧದ ಕೊನೆಯಲ್ಲಿ ಆ ಗಣಿಯಲ್ಲಿ 300 ಮಂದಿ ಪರದೇಶದ ಯುದ್ಧಕೈದಿಗಳನ್ನು ದುಡಿಸಿದ್ದು ನಿಜ ಎಂದು 2008ರ ಡಿಸೆಂಬರಿನಲ್ಲಿ ಸರ್ಕಾರವೇ ಒಪ್ಪಿಕೊಂಡಿತು. ಕೊರಿಯಾದಿಂದ ತಂದ ಕೂಲಿಗಳ ಲೆಕ್ಕ ಬೇರೆ. ಈ ಹುಡುಗ ಎಳೆತನದಿಂದ ಗಕುಶೂಯಿನ್ನಿನಲ್ಲೇ ಓದಿ, 1963ರಲ್ಲಿ ಅದೇ ವಿಶ್ವವಿದ್ಯಾಲಯದ ಪದವೀಧರನಾದ.

ಇನ್ನೊಬ್ಬ 1939ರಲ್ಲಿ ಹುಟ್ಟಿದ ಇಶಿಕಾವಾ ಕಜುವೊ. ಸಯಾಮಾ ಊರಿನ ಬುರಾಕು ಹುಡುಗ. ಸಯಾಮಾದಲ್ಲಿ ರೈಲು ಹತ್ತಿ ತಕದನೊಬಾಬಾ ನಿಲ್ದಾಣಕ್ಕೆ ಬಂದರೆ ಮುಂದಿನ ನಿಲ್ದಾಣವೇ ಮೆಜಿರೊ. ಅಷ್ಟೇ ದೂರ. ಈ ಹುಡುಗನಿಗೆ ಪ್ರಾಥಮಿಕ ಶಾಲೆಯೂ ನೆಟ್ಟಗೆ ಸಿಗಲಿಲ್ಲ. ಸಣ್ಣವನಿದ್ದಾಗಲೇ ಕೂಲಿಗೆ ಇಟ್ಟರು. 1963ರ ಮೇ ತಿಂಗಳಲ್ಲಿ ಆ ಊರಿನ ಹೈಸ್ಕೂಲು ಹುಡುಗಿಯೊಬ್ಬಳ ಅಪಹರಣ ಆಯಿತು, ಕೊಲೆ ಆಯಿತು. ಹಣ ಕೇಳಿ ಒಂದು ಕಾಗದ ಬಂತು. ಅಪರಾಧಿ ಕೈಗೆ ಸಿಗದೆ ಮರ್ಯಾದೆ ಕಳೆದುಕೊಂಡ ಪೊಲೀಸರು ಬುರಾಕು ಕೇರಿಗೆ ನುಗ್ಗಿದರು. ಇಶಿಕಾವಾನನ್ನು ಹಿಡಿದು, ಸುಮಾರು ಒಂದು ತಿಂಗಳು ಒಳಗಿಟ್ಟು, ಒಪ್ಪಿಸಿದರು. ಕಾಗದ ನೀನೇ ಬರೆದಿದ್ದು ಅಂದರು. ನೆಟ್ಟಗೆ ಬರೆಯಲು ಬಾರದ ಹುಡುಗ! ಅಕ್ಷರ ಕೊಡಲಿಲ್ಲ, ಅಕ್ಷರದ ಅಪರಾಧ ಕೊಟ್ಟರು. 1964ರಲ್ಲಿ ಗಲ್ಲುಶಿಕ್ಷೆ. ಮೇಲಿನ ಕೋರ್ಟಿನಲ್ಲಿ ಅವನು ಎದ್ದು ನಿಂತು ನಾನು ಮಾಡಿಲ್ಲ ಅಂದ. 1974ರಲ್ಲಿ ಅದು ಜೀವಾವಧಿಯಾಯಿತು. ಜೈಲಿನ ಕಾವಲುಗಾರನೊಬ್ಬ ಅವನಿಗೆ ಅಕ್ಷರ ಕಲಿಸಿದ. ಕಲಿತ ಅಕ್ಷರದಲ್ಲಿ ತನ್ನ ನಿರಪರಾಧದ ಬಗ್ಗೆ ಬರೆದ, ಕಾವ್ಯ ಬರೆದ. 1994ರಲ್ಲಿ ಪೆರೋಲಿನ ಮೇಲೆ ಹೊರಬಂದ, ಮೂವತ್ತೊಂದು ವರ್ಷ ಕಳೆದ ಮೇಲೆ. ಮರುವಿಚಾರಣೆ ಮಾಡಿ ಎಂದು ಬೀದಿಯಲ್ಲಿ ನಿಂತು ಕೇಳುತ್ತಲೇ ಇದ್ದ. 2025ರ ಮಾರ್ಚಿನಲ್ಲಿ, 86ರ ವಯಸ್ಸಿನಲ್ಲಿ ಸತ್ತ. ಅವನು ಬದುಕಿರುವ ತನಕ ಮರುವಿಚಾರಣೆಯ ಬಾಗಿಲು ತೆರೆಯಲಿಲ್ಲ.

ಅಸೋ ಏನಾದರು? 2008ರ ಸೆಪ್ಟೆಂಬರಿನಲ್ಲಿ ಪ್ರಧಾನಿಯಾದರು. ನವೆಂಬರ್ 12ರಂದು ತಾವು ಓದಿದ ಗಕುಶೂಯಿನ್ ಆವರಣದಲ್ಲೇ ಭಾಷಣ ಓದುತ್ತಾ ಮೇಲಿಂದ ಮೇಲೆ ಅಕ್ಷರ ತಪ್ಪಿದರು. ಶಾಲೆಯ ಮಕ್ಕಳು ಓದುವ ಪದಗಳನ್ನು ತಪ್ಪಾಗಿ ಉಚ್ಚರಿಸಿ ದೇಶವೆಲ್ಲ ನಕ್ಕಿತು. ತಪ್ಪು ಓದುವುದು ಪಾಪವಲ್ಲ. ನನ್ನ ನಾಲಗೆಯೂ ಅಕಾರ ಹಕಾರದಲ್ಲಿ ತಡವರಿಸಿ, ತರಗತಿಯಲ್ಲಿ ಗೊಳ್ಳೆಂದು ನಕ್ಕವರನ್ನು ನಾನು ಮರೆತಿಲ್ಲ. ಆದರೆ ನನ್ನ ತಪ್ಪಿಗೆ ನಕ್ಕವರು 'ಕೋಟಾದವನು' ಅಂತ ಸೇರಿಸಿ ನಕ್ಕರು. ಪ್ರಧಾನಿಯ ತಪ್ಪಿಗೆ ನಕ್ಕವರು ಅವರೊಬ್ಬರನ್ನು ನೋಡಿ ನಕ್ಕರು. ಹುಟ್ಟಿನ ಮೇಲೆ ಶಾಲೆಗೆ ಸೇರಿಸಿಕೊಂಡರೆ ಹೀಗೇ ಆಗುವುದು, ಮೇಲಿನ ಮನೆಯವರಿಗೆ ಪ್ರತಿಭೆ ಇಲ್ಲ, ಅಂತ ಒಬ್ಬರೂ ಅನ್ನಲಿಲ್ಲ.

ಅವರಿಗಿಂತ ಮುಂಚೆ ಅದೇ ಪಕ್ಷದಲ್ಲಿ ಪ್ರಧಾನಿಯಾಗಬಹುದಾಗಿದ್ದ ಒಬ್ಬರಿದ್ದರು, ನೊನಾಕಾ ಹಿರೊಮು. ಬುರಾಕು ಮೂಲದವರು, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವರು. ಪಕ್ಷದ ಪ್ರಧಾನ ಕಾರ್ಯದರ್ಶಿಯ ತನಕ ಏರಿದವರು. ಬುರಾಕಿನವನನ್ನು ಪ್ರಧಾನಿ ಮಾಡಲಾಗುತ್ತದೆಯೇ ಎಂದು 2001ರಲ್ಲಿ ಅಸೋ ಅಂದರು ಎಂಬುದು ನೊನಾಕಾ ಅವರ ಆರೋಪ. 2003ರಲ್ಲಿ ಪಕ್ಷದ ಸಭೆಯಲ್ಲಿ ಎದ್ದು ನಿಂತು ಎಲ್ಲರೆದುರು ಕೇಳಿದರು. ಅಸೋ ತಾನು ಹಾಗೆ ಅಂದಿಲ್ಲ ಎಂದು ನಿರಾಕರಿಸಿದ್ದಾರೆ. ನೊನಾಕಾ ಆ ವರ್ಷವೇ ರಾಜಕೀಯ ಬಿಟ್ಟರು. 2018ರಲ್ಲಿ ತೀರಿಕೊಂಡರು.

ಇನ್ನು ಒಂದೇ ಒಂದು ವಿಷಯ ಉಳಿದಿದೆ. ಹಳ್ಳಿಯ ಮೇಷ್ಟ್ರುಗಳು ಇದನ್ನು ಗಮನವಿಟ್ಟು ಓದಬೇಕು. ಶಿಕೊಕು ದ್ವೀಪದ ಕೋಚಿ ಪಟ್ಟಣದ ಪಕ್ಕ ನಾಗಾಹಾಮಾ ಎಂಬ ಸಮುದ್ರದಂಡೆಯ ಊರು. ಅಲ್ಲಿನ ಬುರಾಕು ತಾಯಂದಿರು ದಿನಗೂಲಿ ಮಾಡುವವರು. ಶಾಲೆಯ ಪುಸ್ತಕಕ್ಕೆ ದುಡ್ಡು ಕೊಡುವುದು ಅವರಿಗೆ ಒಂದು ಹೊರೆ. ಮೇಷ್ಟ್ರುಗಳ ಜೊತೆ ಕೂತು ಅವರು ಸಂವಿಧಾನ ಓದಿದರು. 26ನೇ ವಿಧಿ ಸಿಕ್ಕಿತು. ಕಡ್ಡಾಯ ಶಿಕ್ಷಣ ಉಚಿತ ಎಂದಿತ್ತು ಅದರಲ್ಲಿ. ಹಾಗಾದರೆ ಪುಸ್ತಕಕ್ಕೆ ಯಾಕೆ ಕಾಸು? 1961ರಲ್ಲಿ ಅವರು ಪುಸ್ತಕ ಕೊಳ್ಳುವುದಿಲ್ಲ ಎಂದು ನಿಂತರು. ಬಡವರಿಗೆ ಮಾತ್ರ ಪುಕ್ಕಟೆ ಕೊಡುತ್ತೇವೆ ಅನ್ನುವ ಮಾತಿಗೆ ಅವರು ಬಗ್ಗಲಿಲ್ಲ. ದಾನ ಬೇಡ, ಹಕ್ಕು ಬೇಕು, ನಮ್ಮ ಮಕ್ಕಳಿಗಷ್ಟೇ ಅಲ್ಲ, ಎಲ್ಲ ಮಕ್ಕಳಿಗೂ ಬೇಕು ಅಂದರು. ಶಾಲೆ ಶುರುವಾದಾಗ ಎಷ್ಟೋ ಮಕ್ಕಳ ಕೈಯಲ್ಲಿ ಪುಸ್ತಕ ಇರಲಿಲ್ಲ, ಮೇಷ್ಟ್ರುಗಳು ಕೈಬರಹದ ಹಾಳೆ ಅಚ್ಚು ಹಾಕಿ ಪಾಠ ಮಾಡಿದರು. ಆ ಕಿಡಿ ದೇಶದ ಶಾಸನಸಭೆಗೆ ಹೋಯಿತು. 1963ರ ಹೊತ್ತಿಗೆ ಕಾನೂನು ಆಯಿತು. 1969ಕ್ಕೆ ಕಡ್ಡಾಯ ಶಿಕ್ಷಣದ ಎಲ್ಲ ತರಗತಿಗಳಿಗೂ ಪುಸ್ತಕ ಪುಕ್ಕಟೆ ಸಿಕ್ಕಿತು. ಸರ್ಕಾರಿ ಶಾಲೆಗೂ ಅದೇ, ಖಾಸಗಿ ಶಾಲೆಗೂ ಅದೇ.

2008ರ ಏಪ್ರಿಲಿನಲ್ಲಿ ಆಗಿನ ಚಕ್ರವರ್ತಿಯ ಮೊಮ್ಮಗಳು ಐಕೊ ಗಕುಶೂಯಿನ್ನಿನ ಪ್ರಾಥಮಿಕ ಶಾಲೆಗೆ ಸೇರಿದಳು. ಬೆನ್ನ ಮೇಲೆ ಆ ಶಾಲೆಯೇ ದೇಶಕ್ಕೆ ಕೊಟ್ಟ ರಾಂದೊಸೆರು. ಪತ್ರಿಕೆಗಳ ತುಂಬ ಅದರ ಚಿತ್ರ. ಚೀಲದ ಒಳಗಿನ ಪಠ್ಯಪುಸ್ತಕಗಳು ನಾಗಾಹಾಮಾದ ಕೂಲಿ ಹೆಂಗಸರು ಗೆದ್ದುಕೊಟ್ಟವು. ಅದಕ್ಕೆ ಅವಳ ಅಪ್ಪ ಒಂದು ಯೆನ್ನೂ ಕೊಡಬೇಕಾಗಿರಲಿಲ್ಲ.